ಹೆಬ್ಬಟ್ಟಿನ ಮೇಲಿನ ಜಾಗ

ಟವೆಲ್ಲುಗಳ ಮಡಿಕೆ ಬಿಚ್ಚಿಲ್ಲ, ಹನ್ನೊಂದು ಕುರ್ಚಿಗೂ ಬಿಳಿ ಟವೆಲ್ಲು ಹೊದಿಸಿದ್ದಾರೆ, ಒಂದರ ಮೇಲೂ ಬೆನ್ನು ಒರಗಿದ ಗುರುತಿಲ್ಲ, ದಿಲ್ಲಿಯಿಂದ ಬರಬೇಕಾದ ಸಂಸತ್ತಿನ ಸಮಿತಿ ಇವತ್ತೂ ಕೂಡುವುದಿಲ್ಲವೆಂದು ಸುರಪುರದ ಪ್ರವಾಸಿ ಮಂದಿರದ ಬಾಗಿಲಲ್ಲಿ ಕೂತ ಯಂಕಣ್ಣನಿಗೆ ಆ ಟವೆಲ್ಲುಗಳೇ ಹೇಳಿಬಿಟ್ಟವು, ಗುಮಾಸ್ತ ಹಣಮೇಶ ಹೇಳಿದ್ದು ಆಮೇಲೆ — ಮುಂದಕ್ಕ ಹೋಗ್ಯಾದ ಮುತ್ಯಾ, ಕೋರಂ ಇಲ್ಲಂತ, ಕೂಡಾಕ ಬೇಕಾದಷ್ಟು ಮೆಂಬರು ಬಂದಿಲ್ಲ. ಬಂದಿಲ್ಲವೋ, ಬರಗೊಟ್ಟಿಲ್ಲವೋ. ಮೊದಲ ಸಲ ಯಾದಗಿರಿಯಲ್ಲಿ, ಅಧಿವೇಶನ ಇನ್ನೂ ಮುಗಿದಿಲ್ಲ ಎಂದರು, ಎರಡನೆಯ ಸಲ ಶಹಾಪುರದಲ್ಲಿ, ಸಮಿತಿಯೇ ಬದಲಾಗಿದೆ, ಹೊಸ ಅಧ್ಯಕ್ಷರು ಮೊದಲಿಂದ ಕಾಗದ ಓದಬೇಕು ಎಂದರು, ಈಗ ಇಲ್ಲಿ ಕೋರಂ, ನಾಳೆ ಇನ್ನೊಂದು ಊರು, ಇನ್ನೊಂದು ಮಾತು. ಯಂಕಣ್ಣ ಸಮಿತಿಯ ಮುಂದೆ ಹೇಳಬೇಕಾದದ್ದು ಇಷ್ಟೇ, ತನ್ನ ಹರಗೋಲು ತೂತಾಗಿರಲಿಲ್ಲ. ಆ ವಾರವೇ ಡಾಂಬರು ಬಳಿದಿತ್ತು, ಬಳಿದವಳು ಸುಂದ್ರಮ್ಮ, ಮೊಣಕೈಗೆ ಹತ್ತಿದ ಡಾಂಬರು ಎಣ್ಣೆ ಹಚ್ಚಿದರೂ ಬಿಡಲಿಲ್ಲವೆಂದು ಗೊಣಗಿದ್ದಳು, ಹರಗೋಲು ಮಗುಚಿದ ಮೂರನೆಯ ದಿನ ಹೊಳೆ ತಂದು ಹಾಕಿದ ಹೆಂಡತಿಯನ್ನು ಅವನು ಗುರುತು ಹಿಡಿದದ್ದು ಆ ಕರಿ ಕಲೆಯಿಂದಲೇ. ಮೇಲೆ ಅಣೆಕಟ್ಟಿನ ಗೇಟು ತೆಗೆದಾಗ ದಂಡೆಯ ಊರುಗಳಲ್ಲಿ ಡಂಗುರ ಹೊಡೆಸಲಿಲ್ಲ, ಸರಕಾರದ ಕಾಗದದಲ್ಲಿ ಮಾತ್ರ ಹೊಡೆಸಿದ್ದಾರೆ, ಹರಗೋಲಿಗೆ ತೂತು ಬಿದ್ದಿದ್ದೂ ಅದೇ ಕಾಗದದಲ್ಲಿ.

ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ನಸೀರುದ್ದೀನ ಎಲ್ಲ ಕಂಡಿದ್ದ, ಇನ್ನೊಬ್ಬ ಸಾಕ್ಷಿ ಎಂದರೆ ಅವನೇ. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಬಸಿಗೆ ಸುರಿದುಕೊಳ್ಳುತ್ತ ನಕ್ಕಿದ್ದ — ಲೇ ಯಂಕ್ಯಾ, ಇವರು ನಾವು ಸಾಯೋ ತಾರೀಖು ಕಾಯಾಕತ್ತಾರ, ನಾ ಮಾತ್ರ ಸಾಯಂಗಿಲ್ಲ ನೋಡು. ಶ್ರಾವಣದಲ್ಲಿ ಸತ್ತ. ಅದಕ್ಕೂ ಮೊದಲು ಎರಡು ಸಲ ಉರ್ದುವಿನಲ್ಲಿ ಸಹಿ ಹಾಕಿದ್ದ, ಹಾಳೆಯ ಕೆಳಗೆ, ಹಣಮೇಶ ಬೆರಳಿಟ್ಟು ತೋರಿಸಿದಲ್ಲಿ, ಮೇಲೆಲ್ಲ ಬಿಳಿ. ಆ ಬಿಳಿಯಲ್ಲಿ ಈಗ ಏನು ಬರೆದಿದೆಯೋ, ನಾನು ಹಂಗಂದಿಲ್ಲ ಎನ್ನಲು ನಸೀರುದ್ದೀನ ಎದ್ದು ಬರುತ್ತಾನೆಯೇ. ಇಗೋ ಮತ್ತೆ ಹಾಳೆ, ಮತ್ತೆ ಶಾಯಿಯ ಡಬ್ಬಿ, ಹಾಜರಿಗೆ ಒಂದು ಹೆಬ್ಬಟ್ಟು ಒತ್ತು ಮುತ್ಯಾ, ಇಲ್ಲಿ, ಕೆಳಗ. ಮ್ಯಾಲೆ ಏನು ಬರೀತಿ? ಬಂದಿದ್ದಿ, ಮೀಟಿಂಗ್ ಆಗಲಿಲ್ಲ ಅಂತ ಒಂದು ಸಾಲು. ಒಂದು ಸಾಲಿಗೆ ಇಷ್ಟು ದೊಡ್ಡ ಹಾಳಿ ಯಾಕಪಾ, ಈಗೇ ಬರಿ, ಆಮ್ಯಾಲೆ ಒತ್ತತೀನಿ. ಆಫೀಸಿನಾಗ ಟೈಪ್ ಮಾಡಬೇಕು, ಎಷ್ಟು ಸಂಶಯ ಮುತ್ಯಾ ನಿಂದು, ಹೊಳ್ಯಾಗಿನ ಮೀನಾರ ನಂಬ್ತಿಯಿಲ್ಲೋ. ಹಣಮೇಶ ನಗುತ್ತಾನೆ, ಒಳ್ಳೆಯವನೇ ಇರಬಹುದು, ಚಹಾ ಕುಡಿಸಿದ್ದಾನೆ, ಆದರೆ ಬೆರಳು ಮಾತ್ರ ಹಾಳೆಯ ಕೆಳತುದಿಯಿಂದ ಏಳುತ್ತಿಲ್ಲ. ಯಂಕಣ್ಣ ಹೆಬ್ಬೆರಳು ಅದ್ದಿದ, ಅವಸರ ಮಾಡಲಿಲ್ಲ, ಹಾಳೆಯ ನೆತ್ತಿಗೆ, ಮೇಲಂಚಿಗೆ ಹತ್ತಿ ಒತ್ತಿದ, ಅದರ ಮೇಲೆ ಒಂದು ಅಕ್ಷರಕ್ಕೂ ಜಾಗವಿಲ್ಲ, ಬರಿ ಈಗ. ಹಣಮೇಶ ಶಾಯಿ ಒಣಗಲೆಂದು ಊದಿದ, ಆಮೇಲೆ ಹಾಳೆಯನ್ನು ಮೇಜಿನ ಮೇಲೆ ಮೆಲ್ಲಗೆ, ಬಸಿ ತಿರುಗಿಸಿದಂತೆ, ತಿರುಗಿಸಿದ — ಹೆಬ್ಬಟ್ಟು ಕೆಳಗೆ ಬಂತು, ಅದಕ್ಕೆ ತಲೆಯೂ ಇಲ್ಲ, ಕಾಲೂ ಇಲ್ಲ, ಹೇಗಿಟ್ಟರೂ ಅದು ಯಂಕಣ್ಣನದೇ, ಮೇಲೆಲ್ಲ ಬಿಳಿ, ಮಡಿಕೆ ಬಿಚ್ಚದ ಬಿಳಿ, ಬಿಳಿ —