ಜೇನಿನ ಬಣ್ಣದ ಎಣ್ಣೆ

ಒಂದು ಊರಿನಲ್ಲಿ ಒಬ್ಬ ಅಪ್ಪ, ಅವನಿಗೊಬ್ಬಳು ಮಗಳು, ಇಬ್ಬರಿಗೂ ಸೇರಿ ಬಿಳಿಯ ಒಂದು ಹಳೇ ಕಾರು. ಕಣ್ಣು ಮಂಜಾಗುತ್ತ ಬಂದ ಅಪ್ಪ ಒಂದು ದಿನ ಮಗಳನ್ನು ಕರೆದು ಪಣವೊಡ್ಡಿದ: "ಇಂಜಿನ್ ಎಣ್ಣೆ ನೀನೇ ಬದಲಾಯಿಸಬೇಕು, ನಾನು ಕೈ ಹಾಕಲ್ಲ. ಆಯ್ತೋ, ಕೀಲಿ ನಿಂದು. ಆಗಲಿಲ್ವೋ, ಗಾಡಿ ಮಾರಿಬಿಡ್ತೀನಿ."

ಅಜ್ಜಿ ಬದುಕಿದ್ದರೆ ಈ ಕಥೆಯನ್ನು ಹೀಗೇ ಶುರುಮಾಡುತ್ತಿದ್ದಳು ಎಂದುಕೊಂಡಳು ಮಗಳು, ಇಳಿಜಾರು ಹಲಗೆಗಳ ಮೇಲೇರಿಸಿದ್ದ ಕಾರಿನಡಿ ಅಂಗಾತ ಮಲಗಿ. ಅಜ್ಜಿಯ ರಾಜಕುಮಾರಿಯರ ಮೂಗಿನ ಮೇಲೆ ಮಾತ್ರ ತುಕ್ಕು ಉದುರುತ್ತಿರಲಿಲ್ಲ.

ಹಳೇ ಗಾಡಿ ಕೊಳ್ಳುವವನು ಸಂಜೆ ಐದಕ್ಕೆ ಬರುವವನಿದ್ದ. ಹನ್ನೊಂದು ವರ್ಷ ಅಪ್ಪ ಅದೇ ಕಾರಿನಲ್ಲಿ ಬೀದಿಯ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದಿದ್ದ. ನಾಳೆಯಿಂದ ಆ ಕೆಲಸ ತನ್ನದೆಂದು ಮಗಳು ಹಟ ಹಿಡಿದಿದ್ದಳು. ಅವಳು ಗಾಡಿ ಓಡಿಸುವ ರೀತಿಯ ಬಗ್ಗೆ ಅಪ್ಪನಿಗೆ ದೂರಿರಲಿಲ್ಲ, ದೂರಿದ್ದುದು ಅವಳ ಹಗಲುಗನಸಿನ ಬಗ್ಗೆ. "ಗಾಡಿ ರಸ್ತೇಲಿರುತ್ತೆ, ನೀನು ಮೋಡದಲ್ಲಿರ್ತೀಯ. ಹಿಂದೆ ಕೂತಿರೋದು ಬೇರೆಯವರ ಮಕ್ಕಳು, ಪುಟ್ಟಿ," ಎನ್ನುತ್ತಿದ್ದ.

ಎಣ್ಣೆ ಆರಿಸುವುದರಲ್ಲಿ ಅವಳು ಎಡವಿರಲಿಲ್ಲ. ಬೆಳಿಗ್ಗೆ ಬಿಡಿಭಾಗದ ಅಂಗಡಿಯವರು ಥಳಥಳ ಹೊಳೆಯುವ ಡಬ್ಬಿಯೊಂದನ್ನು ಮುಂದಿಟ್ಟು, "ಇದು ತಗೊಳ್ಳಿ. ನೀರಿನ ಹಾಗೆ ಓಡುತ್ತೆ. ಈಗಿನ ಗಾಡಿಗಳಿಗೆಲ್ಲ ಇದೇ," ಎಂದಿದ್ದರು.

"ನಮ್ಮದು ಈಗಿನದ್ದಲ್ಲ. ಎರಡು ಲಕ್ಷ ಕಿಲೋಮೀಟರ್ ಆಗಿದೆ, ಸೀಲೆಲ್ಲ ಸವೆದಿದೆ. ನೀರಿನ ಹಾಗೆ ಓಡೋದು ನಮ್ಮನೆ ಅಂಗಳಕ್ಕೇ ಓಡುತ್ತೆ," ಎಂದು ಅವಳು ಕಾರಿನ ಪುಸ್ತಕ ತೆರೆದು, ಅದರಲ್ಲಿ ಬರೆದಿದ್ದ ಮಂದ ಎಣ್ಣೆಯ ಮೇಲೆ ಬೆರಳಿಟ್ಟಿದ್ದಳು.

"ಗಾಡಿ ನಿಮ್ಮಪ್ಪಂದು, ಬಾಯಿ ನಿಮ್ಮಜ್ಜೀದು," ಎಂದು ನಗುತ್ತ ಅವರು ಕೆಳಗಿನ ಕಪಾಟಿಗೆ ಬಗ್ಗಿದ್ದರು.

ಈಗ ಕಾರಿನಡಿಯಲ್ಲಿ ಅವಳಿಗೆ ಕಂಡದ್ದು ಒಂದಲ್ಲ, ಎರಡು ಬೋಲ್ಟು. ಗೇಣು ದೂರದಲ್ಲಿ ಅಕ್ಕತಂಗಿಯರಂತೆ ಕೂತಿದ್ದವು. ಒಂದು ಹೊಳೆಯುತ್ತಿತ್ತು, ಇನ್ನೊಂದರ ಮೇಲೆ ಮಣ್ಣು ಮೆತ್ತಿ ಗಟ್ಟಿಯಾಗಿತ್ತು. ಅಜ್ಜಿಯ ಕಥೆಗಳಲ್ಲಿ ನಿಧಿಯಿರುತ್ತಿದ್ದುದು ಯಾವಾಗಲೂ ತುಕ್ಕು ಹಿಡಿದ ಪೆಟ್ಟಿಗೆಯಲ್ಲಿ. ಅವಳು ಮಣ್ಣಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಉಸಿರು ಬಿಗಿಹಿಡಿದು ತಿರುಗಿಸಿದಳು. ಎಣ್ಣೆ ಸದ್ದಿಲ್ಲದೆ ಎಳೆಯಾಗಿ ಕೆಳಗಿಟ್ಟಿದ್ದ ಬಾಣಲಿಗಿಳಿಯಿತು.

ಗೋಡೆಯ ನೆರಳಲ್ಲಿ ಕುರ್ಚಿ ಹಾಕಿ ಕೂತಿದ್ದ ಅಪ್ಪ ಕೇಳಿದ, "ಬಣ್ಣ ಹೇಗಿದೆ?"

"ಜೇನಿನ ಹಾಗಿದೆ ಅಪ್ಪ. ಇಷ್ಟು ಚೆನ್ನಾಗಿರೋದನ್ನ ಯಾಕೆ ಚೆಲ್ಲಬೇಕು?"

ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. "ಇಲ್ಲಿ ತಾ," ಎಂದ.

ಅವಳು ತಂದ ಬಾಣಲಿಯಲ್ಲಿ ಎರಡು ಬೆರಳು ಅದ್ದಿ, ಉಜ್ಜಿ, ಮೂಸಿದ. "ಇಂಜಿನ್ ಎಣ್ಣೆ ಕಪ್ಪಗಿರುತ್ತೆ, ಸುಟ್ಟ ವಾಸನೆ ಬರುತ್ತೆ. ಇದು ಗೇರ್‌ಬಾಕ್ಸ್‌ದು. ಎರಡು ಬೋಲ್ಟಲ್ಲಿ ಹೊಳೀತಿದ್ದದ್ದು ಯಾವುದು? ವರ್ಷಕ್ಕೆರಡು ಸಲ ಬಿಚ್ಚೋದು ಅದನ್ನೇ ಅಲ್ವಾ?"

ಅವಳ ಮುಖ ಸಪ್ಪಗಾಯಿತು. ಮೊಣಕೈಯಿಂದ ಹಣೆ ಒರೆಸಿಕೊಂಡು, "ಸರಿ, ಸೋತೆ. ಬಾ ಅಂತ ಹೇಳು ಆ ಗಾಡಿ ಕೊಳ್ಳೋನಿಗೆ," ಎಂದಳು.

"ನಾನು ಓಡಿಸ್ತಿದ್ದ ಮೊದಲನೇ ಗಾಡಿ ಹೇಗೆ ಹೋಯ್ತು ಗೊತ್ತಾ ನಿನಗೆ?"

"ಗೊತ್ತು. ತಿರುವಿನ ದೊಡ್ಡ ಮರದಿಂದ ರಾಕ್ಷಸಿ ಇಳಿದು ಬಂದು ಚಕ್ರ ಹಿಡಿದುಕೊಂಡಳು. ಅಜ್ಜಿ ನೂರು ಸಲ ಹೇಳಿದಾಳೆ."

"ರಾಕ್ಷಸಿ ನಾನೇ," ಎಂದ ಅಪ್ಪ. "ನಾನು ಡ್ರೈವರಾಗಿದ್ದ ಮನೆ ಯಜಮಾನರ ಗಾಡಿ ಅದು. ಹೀಗೇ ಗೇರ್‌ಬಾಕ್ಸ್ ಬೋಲ್ಟ್ ಬಿಚ್ಚಿದ್ದೆ. ಬಣ್ಣ ಹೇಗಿದೆಯೋ ಅಂತ ಅವರೂ ಕೇಳಿದರು. ಇದೇನಿದು ಹೀಗಿದೆ ಅಂತ ನನಗೂ ಅನ್ನಿಸಿತ್ತು. ಆದರೂ ಕಪ್ಪು ಅಂದೆ. ಒಣ ಗೇರ್‌ಬಾಕ್ಸಲ್ಲಿ ಆ ತಿರುವಿನ ತನಕ ಹೋಯ್ತು, ಅಷ್ಟೇ. ಕೆಲಸವೂ ಹೋಯ್ತು. ಮನೆಗೆ ಬಂದು ನಿಮ್ಮಜ್ಜಿ ಹತ್ತಿರ ಅತ್ತೆ. ಮಾರನೇ ದಿನದಿಂದ ಬೀದಿಗೆಲ್ಲ ಅವಳು ಹೇಳಿದ್ದು ರಾಕ್ಷಸಿ ಕಥೆ."

ಅವಳು ನಗಲು ಹೋದಳು, ಆಗಲಿಲ್ಲ. ಅಜ್ಜಿ ಆ ಕಥೆ ಹೇಳುವಾಗಲೆಲ್ಲ ಅಪ್ಪ ಊಟದ ತಟ್ಟೆ ಹಿಡಿದು ಎದ್ದುಹೋಗುತ್ತಿದ್ದುದು ನೆನಪಾಯಿತು.

"ಅಂಗಡಿ ಎರಡು ಗಂಟೆಗೆ ಮುಚ್ಚುತ್ತೆ," ಎಂದ ಅಪ್ಪ. "ಗೇರ್ ಎಣ್ಣೆ ಅಂತ ಕೇಳು. ಇಳಿದದ್ದನ್ನ ಅಳೆದುಕೋ, ಅಷ್ಟೇ ತುಂಬು. ಪಣ ಇನ್ನೂ ಮುಗಿದಿಲ್ಲ."

ಅವಳು ಓಡಿದಳು. ದಾರಿಯಲ್ಲಿ ಎಲ್ಲೂ ಮೋಡದ ಕಡೆ ನೋಡಲಿಲ್ಲ. ಬಂದು ಮಣ್ಣಿನ ಬೋಲ್ಟನ್ನು ಒರೆಸಿ ಬಿಗಿದು, ಗೇರ್‌ಬಾಕ್ಸಿಗೆ ಅದರ ಪಾಲು ತುಂಬಿಸಿದಳು. ಆಮೇಲೆ ಹೊಳೆಯುವುದನ್ನು ಬಿಚ್ಚಿದಳು. ಬಳಬಳನೆ ಕಾಡಿಗೆಯಂಥ ಎಣ್ಣೆ ಸುರಿದು, ಮಣಿಕಟ್ಟಿನಿಂದ ಮೊಣಕೈವರೆಗೆ ಹರಿಯಿತು. ಕೊನೆಯ ಹನಿ ಬೀಳುವವರೆಗೆ ಕಾದಳು. ಬೋಲ್ಟನ್ನು ಮತ್ತೆ ಬಿಗಿದು, ಫಿಲ್ಟರ್ ಬದಲಾಯಿಸಿದಳು. ಕಾರನ್ನು ಇಳಿಜಾರು ಹಲಗೆಗಳಿಂದ ಸಮನೆಲಕ್ಕಿಳಿಸಿ, ಹೊಸ ಎಣ್ಣೆಯನ್ನು ನಿಲ್ಲಿಸಿ ನಿಲ್ಲಿಸಿ ಹೊಯ್ದಳು. ಅಳತೆಯ ಕಡ್ಡಿಯನ್ನು ಎಳೆದು ಅಪ್ಪನ ಕೈಗಿಟ್ಟಳು. ಅವನು ಉಗುರಿನಿಂದ ಎರಡು ಗೆರೆಗಳನ್ನು ತಡವಿ ಹುಡುಕಿದ. ಎಣ್ಣೆ ಮೇಲಿನ ಗೆರೆಯ ತುಸು ಕೆಳಗೆ ನಿಂತಿತ್ತು.

ಗಾಡಿ ಕೊಳ್ಳುವವನು ಆಗಲೇ ಗೇಟಿನ ಹೊರಗೆ ನಿಂತಿದ್ದ. ಒಂದು ನಿಮಿಷ ಎಂಬಂತೆ ಅಪ್ಪ ಅತ್ತ ಕೈ ಎತ್ತಿದ. ಅವಳು ಕೀಲಿ ತಿರುಗಿಸಿದಳು. ಇಂಜಿನ್ ಕೆಮ್ಮಿ, ಗುರುಗುಟ್ಟಿತು. ಇಂಜಿನ್ನಿನೊಳಗೆ ಎಣ್ಣೆ ಏರಿದ ಮೇಲೆ ಆರಬೇಕಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

"ಆರಿತಾ?" ಎಂದ ಅಪ್ಪ.

"ತಡಿ." ಅವಳು ರೆಪ್ಪೆ ಹೊಡೆಯದೆ ನೋಡಿದಳು. "ಆರಿತು. ಇನ್ನೊಂದೇ ಸಲ ಕೆಳಗೆ ನೋಡ್ತೀನಿ." ಇಳಿದು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಳು. ಎರಡೂ ಬೋಲ್ಟು ಒಣಗಿದ್ದವು.

ಅಪ್ಪ ಗೇಟಿನ ಕಡೆ ತಿರುಗಿ, "ತಡ ಮಾಡಿಬಿಟ್ಟಿರಿ ಸ್ವಾಮಿ. ಗಾಡಿಗೆ ಡ್ರೈವರ್ ಸಿಕ್ಕರು," ಎಂದ.

ರೂಢಿಯಂತೆ ಸ್ಟೀರಿಂಗಿನ ಕಡೆಯ ಬಾಗಿಲಿಗೆ ಬಂದು ಹಿಡಿಯ ಮೇಲೆ ಕೈಯಿಟ್ಟ. ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಕೈಯನ್ನು ಬಾನೆಟ್ಟಿನ ಮೇಲೆ ಜಾರಿಸಿಕೊಂಡು, ಬಿಳಿಯ ಬಣ್ಣದ ಮೇಲೆ ಎರಡು ಬೆರಳಿನ ಎಣ್ಣೆಗೆರೆ ಎಳೆಯುತ್ತ, ನಿಧಾನವಾಗಿ ಸುತ್ತಿ ಆಚೆ ಬಾಗಿಲಿಗೆ ಹೋದ.