ಸೌಟಿನ ಸರದಿ

ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಗ್ಯಾಸ್ ಮೀಟರ್ ನೋಡುವವನು ಬಂದ. ಅಂಕಿ ಬರೆದುಕೊಂಡು ಹೋದ. ಅವನ ಬೂಟಿನಿಂದ ಉದುರಿದ ಹಿಮ ಕರಗಿತ್ತು. ನೆಲ ಒರೆಸಿದೆ. ಅನ್ನ ಮಾಡಿದೆ, ತಿನ್ನಲಿಲ್ಲ.

ನನ್ನ ಗಂಡ ಹ್ಯೋನ್‌ಗಿಲ್‌ನ ಬೂದಿಯನ್ನು ಅವನ ಅಣ್ಣ ನದಿಗೆ ಬಿಟ್ಟು ಮೂರು ದಿನವಾಗಿತ್ತು. ನದಿ ಹೆಪ್ಪುಗಟ್ಟಿತ್ತು, ಒಡೆದು ಬಿಡಬೇಕಾಯಿತಂತೆ. ನನಗೆ ಅಳು ಬಂದಿರಲಿಲ್ಲ. ಒಂದೇ ಯೋಚನೆ: ನನ್ನ ಮೇಲೆ ಸಿಟ್ಟಿಟ್ಟುಕೊಂಡೇ ಹೋದನೇ?

ಅವನು ಚೀನಿಯರೂ ಕೊರಿಯನ್ನರೂ ಕೂಡಿ ಬಾಳುವ ನಮ್ಮ ಚೀನಾದ ಯಾನ್‌ಜಿ ಊರಿನ ಒಂದು ಮುದ್ರಣಾಲಯದಲ್ಲಿ ಕೊರಿಯನ್ ಪುಸ್ತಕಗಳ ಕರಡು ತಿದ್ದುತ್ತಿದ್ದ. ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಅಲ್ಲಿಯ ಏಳು ಜನ ಸೇರಿ, ಮೇಜಿನ ಮೇಲೇ ಸಾರು ಕುದಿಸಿ ಅದರಲ್ಲಿ ಬೇಯಿಸಿಕೊಳ್ಳುವ ಹಾಟ್‌ಪಾಟ್ ತಿನ್ನುವುದು ರೂಢಿ. ನಾನೂ ಹೋಗುತ್ತಿದ್ದೆ. ಒಂದು ದಿನವೂ ಅವನು ನನ್ನ ಪಕ್ಕದಲ್ಲಿ ಕೂತವನಲ್ಲ. ಗ್ಲಾಸು ಹಿಡಿದು ಎಲ್ಲರ ಕುರ್ಚಿಯ ಹಿಂದೆ ಅಲೆಯುತ್ತಿದ್ದ. ಹೋದ ತಿಂಗಳು ಹೊರಡುವಾಗ ಅಂದೆ: "ನಿಂಗೆ ಹೆಂಡ್ತಿ ಯಾಕೆ? ಒಬ್ಬನೇ ಹೋಗು." ಹೋದ. ಮುಂದಿನ ಮೂರು ವಾರ ನಮ್ಮ ಮಾತು ಬೀಗದ ಕೈ, ಅಕ್ಕಿ, ಬಿಸಿನೀರಿಗೆ ನಿಂತಿತು. ಆಮೇಲೊಂದು ಬೆಳಿಗ್ಗೆ, ಕರಡಿನ ಮೇಲೆ ತಲೆಯಿಟ್ಟವನು ಏಳಲಿಲ್ಲ.

ಮೀಟರಿನವನು ಬಂದ ದಿನವೇ ಎರಡನೇ ಶನಿವಾರ. ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುವ ಓಕ್‌ಸುನ್ ಅಕ್ಕ ಫೋನ್ ಮಾಡಿದರು. "ಬಾ ಅನ್ನಲ್ಲ, ಬರ್ಬೇಡ ಅನ್ನಲ್ಲ. ಕುರ್ಚಿ ಹಾಕಿಸಿರ್ತೀನಿ."

ಹೋದ ತಿಂಗಳು ಒಬ್ಬನೇ ಹೋದ ದಿನ ಅವನು ಹೇಗಿದ್ದನೆಂದು ಕೇಳಬೇಕಿತ್ತು. ಹೋದೆ.

ಮೇಜಿನ ನಡುವೆ ಎರಡು ಪಾಲಿನ ಪಾತ್ರೆ ಕುದಿಯುತ್ತಿತ್ತು. ಒಂದು ಪಾಲಿನಲ್ಲಿ ಕೆಂಪು ಖಾರದ ಸಾರು, ಇನ್ನೊಂದರಲ್ಲಿ ಕಿಮ್ಚಿಯ, ಅಂದರೆ ಹುದುಗಿಸಿದ ಎಲೆಕೋಸಿನ, ಹುಳಿ ಸಾರು. ಕುರಿಮಾಂಸದ ತಟ್ಟೆಗಳನ್ನು ಯಾರೂ ಮುಟ್ಟಿರಲಿಲ್ಲ.

ಈ ಗುಂಪಿನಲ್ಲಿ ಚೀನಿಯರು ಎಲ್ಲವನ್ನೂ ಖಾರಕ್ಕೆ ಹಾಕುತ್ತಾರೆ, ಕೊರಿಯನ್ನರು ಹುಳಿಗೆ. ನಾನು ಚೀನಿ; ಹ್ಯೋನ್‌ಗಿಲ್, ಓಕ್‌ಸುನ್ ಅಕ್ಕ ಕೊರಿಯನ್ನರು. ಜಗಳವಾಗಿ ಜಗಳವಾಗಿ ಕೊನೆಗೊಂದು ಕಟ್ಟಳೆ ಮಾಡಿಕೊಂಡಿದ್ದರು: ಪಾತ್ರೆಯೊಳಗೆ ಯಾರ ಊಟದ ಕಡ್ಡಿಯೂ ಇಳಿಯಬಾರದು. ತಿಂಗಳಿಗೊಬ್ಬರು ಜಾಲರಿ ಸೌಟು ಹಿಡಿದು ನಿಂತು, ಬೇಯಿಸಿ ಬಡಿಸಿ, ಕೊನೆಗೆ ತಾವು ತಿನ್ನಬೇಕು. ಈ ತಿಂಗಳ ಸರದಿ ಹ್ಯೋನ್‌ಗಿಲ್‌ನದು. ಸೌಟು ಹಾಗೇ ಬಿದ್ದಿತ್ತು.

"ಸಾರು ಬತ್ತಿಹೋಗ್ತಿದೆ," ಎಂದರು ಓಕ್‌ಸುನ್ ಅಕ್ಕ, ಯಾರನ್ನೂ ನೋಡದೆ.

ಅವನ ಸರದಿ ಇನ್ನು ನನ್ನದೇ ತಾನೆ. ಎದ್ದು ಸೌಟು ತೆಗೆದುಕೊಂಡೆ. ಯಾವ ಪಾಲೆಂದು ನೋಡದೆ ಸುರಿದೆ; ಒಂದಿಡೀ ತಟ್ಟೆ ಮಾಂಸ ಹುಳಿ ಸಾರಿಗೆ ಬಿತ್ತು.

"ಅಯ್ಯಯ್ಯೋ! ಚೀನಿ ಹುಡುಗಿಯಾಗಿ ನಮಗೇ ಕೈಕೊಟ್ಟಳಲ್ಲಪ್ಪಾ!" ಅಚ್ಚಿನ ಯಂತ್ರ ನಡೆಸುವ ಥಾಂಗ್ ಅಣ್ಣ ಬಾಯಿತಪ್ಪಿ ಕೂಗಿದರು.

"ನಮ್ಮ ಸೊಸೆ ಬುದ್ಧಿ ಕಲ್ತಿದಾಳೆ. ಬಾಯ್ಮುಚ್ಕೊಂಡು ತಿನ್ನಿ," ಎಂದರು ಅಕ್ಕ. "ನಿಮ್ಮ ಖಾರ ತಿಂದು ಹೋದ್ಸಲ ಎರಡು ದಿನ ನಾನು ಎಲ್ಲಿ ಕೂತಿದ್ದೆ ಅಂತ ನಮ್ಮನೇಲಿ ಕೇಳಿ."

ಎಲ್ಲರೂ ನಕ್ಕರು. ನನ್ನನ್ನು ನೋಡಿ ನಿಲ್ಲಿಸಿದರು.

"ಹೋದ ತಿಂಗಳು ಅವನು ಸಿಟ್ಟಲ್ಲಿದ್ನಾ?" ಎಂದೆ.

ಥಾಂಗ್ ಅಣ್ಣ ಕಡ್ಡಿ ಕೆಳಗಿಟ್ಟರು. "ಹೇಳೋದೋ ಬೇಡ್ವೋ ಅಂತ ಒದ್ದಾಡ್ತಿದ್ದೆ ತಂಗಿ. ಹೋದ ತಿಂಗಳು ಸೌಟು ನಂದು. ಬಂದವನೇ ಕಿತ್ಕೊಂಡ. 'ನಿನ್ನ ಸರದಿ ನಂಗೆ ಕಡ ಕೊಡು, ಮುಂದಿನ ತಿಂಗಳು ನಂದು ನೀನು ತಗೋ' ಅಂದ. ಯಾಕೋ ಅಂದ್ರೆ, 'ಅವಳು ಬೈದಿದ್ದು ಸರಿ ಇದೆ. ಮುಂದಿನ ಸಲ ಅವಳ ಪಕ್ಕ ಕೂರ್ಬೇಕು. ಎದ್ರೆ ನನ್ನ ಕಾಲು ಮುರಿ' ಅಂದ."

"ನಂಗೆ ಹೇಳ್ಲೇ ಇಲ್ವಲ್ಲ."

"ಜಂಬ! ಸೋತೆ ಅಂತ ಬಾಯಲ್ಲಿ ಹೇಳೋನಾ ಅವನು?" ಎಂದರು ಅಕ್ಕ. "ಕೂತೇ ತೋರಿಸ್ತೀನಿ ಅಂದ. ಅವತ್ತು ಎಲ್ರಿಗೂ ಬಡಿಸಿ ಅವನಿಗೆ ಉಳಿದಿದ್ದು ಬರೀ ಎಲೆಕೋಸು. ಹಾಡ್ಕೊಂಡು ತಿಂದ."

ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಮಾಂಸದ ವಾಸನೆ ಮೂಗಿಗೆ ಬಡಿಯಿತು. ನನಗೆ ಹಸಿವಾಗಿತ್ತು. ಎಷ್ಟೋ ದಿನಗಳಿಂದ ಹಸಿದಿದ್ದೆ.

"ಹಾಗಾದ್ರೆ ಇವತ್ತು ನಿಮ್ಮ ಸರದಿ, ಥಾಂಗ್ ಅಣ್ಣ," ಎಂದು ಸೌಟನ್ನು ಅವರ ಕೈಗಿತ್ತು ಕೂತೆ.