ಹನ್ನೊಂದು ಹನಿ ಎಣ್ಣೆ

ಬೆಳಿಗ್ಗೆ ಎದ್ದ ಕೂಡಲೇ ಅಕ್ಕ ಮಾಡುತ್ತಿದ್ದ ಮೊದಲ ಕೆಲಸ ಹಲ್ಲುಜ್ಜುವುದಲ್ಲ. ಮೊಬೈಲ್ ತೆಗೆದು, ಹುಡುಕುವ ಜಾಗದಲ್ಲಿ ‘ಹೊಲಿಗೆ ಮೆಷಿನ್ ಕಿರುಗುಟ್ಟುತ್ತಿದೆ, ಏನು ಮಾಡಬೇಕು’ ಎಂದು ಬರೆದು, ತಂಗಿಯ ಹೆಸರು ಇನ್ನೂ ಅಲ್ಲೇ ಇದೆಯಾ ಎಂದು ನೋಡುವುದು. ಇರುತ್ತಿತ್ತು. ಮೊಬೈಲನ್ನು ಮಗುಚಿ ಹಾಸಿಗೆಯ ಮೇಲೆ ಎಸೆಯುತ್ತಿದ್ದಳು. ಆಮೇಲೆ ಹಲ್ಲುಜ್ಜುತ್ತಿದ್ದಳು.

ಅಕ್ಕ, ತಂಗಿ ಎಂದರೆ ಆ ಎರಡು ಬೀದಿಗಳಲ್ಲಿ ಎಲ್ಲರಿಗೂ ಗೊತ್ತು. ಇಬ್ಬರೂ ಹೊಲಿಗೆ ಮೆಷಿನ್ ರಿಪೇರಿ ಮಾಡುವವರು. ಅಪ್ಪ ಅಕ್ಕನಿಗೆ ಕಲಿಸಿದ, ಅಕ್ಕ ತಂಗಿಗೆ ಕಲಿಸಿದಳು. ತಂಗಿ ಮದುವೆಯಾದ ಮೇಲೆ ಹಿಂದಿನ ಬೀದಿಯಲ್ಲಿ ತನ್ನದೇ ಅಂಗಡಿ ಇಟ್ಟಳು. ಅಲ್ಲಿಯವರೆಗೂ ಅಕ್ಕನಿಗೆ ಬೇಜಾರಿರಲಿಲ್ಲ. ಇಂಟರ್ನೆಟ್ಟಿನಲ್ಲಿ ತನ್ನದೇ ಒಂದು ಪುಟ ಇತ್ತಲ್ಲ! ಹನ್ನೆರಡು ವರ್ಷದಿಂದ, ಒಂದೊಂದು ಸ್ಕ್ರೂ ಬಿಚ್ಚಿ ಫೋಟೊ ತೆಗೆದು, ಕೈಯ ಗ್ರೀಸು ಒರೆಸಿಕೊಂಡು ಒಂದೊಂದೇ ಅಕ್ಷರ ಕುಟ್ಟಿ ಬರೆದದ್ದು. ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ‘ಅಕ್ಕ, ನಿಮ್ಮಿಂದ ನಮ್ಮಜ್ಜಿ ಮೆಷಿನ್ ಮತ್ತೆ ಓಡ್ತು’ ಎಂದು ಬರೆಯುತ್ತಿದ್ದರು. ಅಂಥ ಮಾತನ್ನು ಅಕ್ಕ ಗಂಡನಿಗೆ ಎರಡೆರಡು ಸಲ ಓದಿ ಹೇಳುತ್ತಿದ್ದಳು.

ಮೂರು ತಿಂಗಳ ಹಿಂದೆ ಹುಡುಕಾಟದ ಆ ದೊಡ್ಡ ಕಂಪನಿ ಹೊಸದೊಂದು ತಂದಿತು. ಏನು ಕೇಳಿದರೂ ಎಲ್ಲಕ್ಕಿಂತ ಮೇಲೆ ಒಂದು ಚೌಕ, ಅದರೊಳಗೆ ಸಿದ್ಧ ಉತ್ತರ. ಯಾವ ಪುಟಕ್ಕೂ ಹೋಗುವ ತೊಂದರೆಯಿಲ್ಲ. ಚೌಕದ ಕೆಳಗೆ ಇರುವೆ ಸಾಲಿನಂಥ ಸಣ್ಣಕ್ಷರದಲ್ಲಿ, ಎಲ್ಲಿಂದ ತಂದದ್ದು ಎಂಬುದಕ್ಕೆ ಒಂದು ಹೆಸರು. ಆ ಹೆಸರು ‘ತಂಗಿ ಮೆಷಿನ್ ರಿಪೇರಿ’, ತಂಗಿ ಆಮೇಲೆ ಶುರುಮಾಡಿದ ಪುಟದ್ದು.

“ನೋಡ್ರೀ ಇಲ್ಲಿ! ಬಾಬಿನ್ ಯಾವುದು, ಬಟನ್ ಯಾವುದು ಅಂತ ಗೊತ್ತಿಲ್ಲದಾಗ ಕೈಹಿಡಿದು ಕಲಿಸ್ದವಳು ನಾನು. ಈಗ ಲೋಕಕ್ಕೆಲ್ಲ ಇವಳೇ ಪಂಡಿತೆ. ನನ್ನ ಪುಟ ನೋಡಿ ಕದ್ದಿದ್ದಾಳೆ, ಅಷ್ಟೇ.”

ಗಂಡ ಬಸ್ ಕಂಡಕ್ಟರ್. ಬೂಟಿನ ಲೇಸು ಕಟ್ಟುತ್ತ ಕೇಳಿದ, “ಅವಳ ಪುಟ ಓದಿದ್ಯಾ?”

“ನಾನ್ಯಾಕೆ ಓದ್ಲಿ? ನಾನು ಅವಳ ಪುಟ ಒತ್ತಿದ್ರೆ ಅವಳಿಗೆ ಒಬ್ಬರು ಜಾಸ್ತಿ ಬಂದ ಹಾಗೆ ಲೆಕ್ಕ.”

“ಬಸ್ಸಲ್ಲಿ ಕೂತವರು ಇಳಿಯೋ ಜಾಗ ನೋಡ್ತಾರೆ ಕಣೇ, ಕಂಡಕ್ಟರ್ ಹೆಸರು ಯಾರು ಕೇಳ್ತಾರೆ?” ಎಂದು ನಕ್ಕು ಡ್ಯೂಟಿಗೆ ಹೊರಟ.

ಅಕ್ಕನಿಗೆ ನಗು ಬರಲಿಲ್ಲ. ಅವಳ ಪುಟಕ್ಕೆ ದಿನಕ್ಕೆ ಆರುನೂರು ಜನ ಬರುತ್ತಿದ್ದದ್ದು ಅರವತ್ತಾಗಿ, ಆಮೇಲೆ ಕೈಬೆರಳಲ್ಲಿ ಎಣಿಸುವಷ್ಟಾಗಿತ್ತು. ಅವರೆಲ್ಲ ತಂಗಿಯ ಮನೆ ಬಾಗಿಲಿಗೇ ಹೋದರು ಎಂದು ಅವಳ ತೀರ್ಮಾನ. ಬೀದಿಯಲ್ಲಿ ತಂಗಿ ಎದುರಾಗಿ “ಅಕ್ಕಾ” ಎಂದು ಕರೆದರೆ, ಅಕ್ಕ ಎದುರಿನ ಅಂಗಡಿಯ ಬೋರ್ಡನ್ನು ಬಹಳ ಆಸಕ್ತಿಯಿಂದ ಓದುತ್ತ ದಾಟಿಬಿಡುತ್ತಿದ್ದಳು.

ಕಳ್ಳಿಯನ್ನು ಹಿಡಿಯಬೇಕಲ್ಲ! ಒಂದು ಮಧ್ಯಾಹ್ನ, ಪೆಡಲಿನ ಬೆಲ್ಟು ಬಿಗಿಮಾಡುತ್ತಿದ್ದಾಗ ಉಪಾಯ ಹೊಳೆಯಿತು. ತನ್ನ ಪುಟದಲ್ಲಿ ‘ಸೂಜಿಯ ಕೆಳಗೆ ಷಟಲ್ ಕೂರುವ ಗುಂಡಿಗೆ ಒಂದು ಹನಿ ಎಣ್ಣೆ’ ಎಂದಿದ್ದುದನ್ನು ಅಳಿಸಿ ‘ಹನ್ನೊಂದು ಹನಿ’ ಎಂದು ಬರೆದಳು. ಮೆಷಿನ್ ಬಿಚ್ಚಿ ಗೊತ್ತಿದ್ದವರು ಯಾರೂ ಅಲ್ಲಿಗೆ ಹನ್ನೊಂದು ಹನಿ ಬಿಡುವುದಿಲ್ಲ. ಕದ್ದು ಬರೆಯುವವರು ಮಾತ್ರ ಹಾಗೇ ಬರೆಯುತ್ತಾರೆ. ಹೇಗೂ ತನ್ನ ಪುಟಕ್ಕೆ ಬರುವವರೇ ಇಲ್ಲ, ಯಾರಿಗೇನು ಆಗುತ್ತದೆ?

ಎಂಟನೆಯ ದಿನ ಬೆಳಿಗ್ಗೆ ಚೌಕದಲ್ಲಿ ಬಂತು: ‘ಷಟಲ್ ಗುಂಡಿಗೆ ಹನ್ನೊಂದು ಹನಿ ಎಣ್ಣೆ ಬಿಡಿ.’ ಕೆಳಗೆ ತಂಗಿಯ ಹೆಸರು.

“ಸಿಕ್ಕಿಬಿದ್ಳು!” ಅಕ್ಕ ಹಾಸಿಗೆಯ ಮೇಲೇ ಕುಣಿದಳು. ಅವತ್ತು ಹಲ್ಲುಜ್ಜಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಅಂಗಡಿಗೆ ಬೀಗ ಹಾಕಿ, ಮೊಬೈಲನ್ನು ಕತ್ತಿಯ ಹಾಗೆ ಮುಂದೆ ಹಿಡಿದುಕೊಂಡು ಹಿಂದಿನ ಬೀದಿಗೆ ನಡೆದಳು.

ತಂಗಿಯ ಅಂಗಡಿಯಲ್ಲಿ ಆಗಲೇ ರಂಪವಾಗುತ್ತಿತ್ತು. ಟೈಲರಮ್ಮ ಒಬ್ಬರು ಮೆಷಿನ್ನನ್ನು ಟೇಬಲ್ಲಿನ ಮೇಲೆ ಕುಕ್ಕಿ, ಅದರ ಪಕ್ಕ ಒಂದು ರಾಶಿ ಬಿಳಿ ಬಟ್ಟೆ ಹರಡಿದ್ದರು. ಬಿಳಿಯ ಮೇಲೆಲ್ಲ ಎಣ್ಣೆಯ ಕಲೆ.

“ಇಸ್ಕೂಲ್ ಮಕ್ಕಳ ನಾಟಕಕ್ಕಮ್ಮ! ನಾಡಿದ್ದು! ಎಂಟು ಹಂಸ ಹೊಲಿಯೋಕೆ ಒಪ್ಕೊಂಡಿದ್ದೆ. ಇವು ಹಂಸ ಥರ ಇದಾವಾ? ಗ್ಯಾರೇಜಲ್ಲಿ ಸಾಕಿದ ಬಾತುಕೋಳಿ ಥರ ಇದಾವೆ!”

“ಯಾರು ಹೇಳಿದ್ರು ನಿಮಗೆ ಹನ್ನೊಂದು ಹನಿ ಅಂತ?” ತಂಗಿಯ ದನಿ ಸಣ್ಣಗಾಗಿತ್ತು.

“ಫೋನ್ ಹೇಳ್ತು. ನಾನು ಬಾಯಲ್ಲಿ ಕೇಳ್ದೆ, ಅದು ಬಾಯಲ್ಲೇ ಹೇಳ್ತು.”

“ಅದರ ಕೆಳಗೆ ನನ್ನ ಹೆಸರಿದೆ ಅಂತ ಹೇಗೆ ಗೊತ್ತಾಯ್ತು?”

“ಬಟ್ಟೆ ಹಾಳಾದ್ಮೇಲೆ ನೋಡ್ದೆ. ಚೆನ್ನಾಗಿ ಓಡಿದ್ರೆ ಹೆಸರು ಯಾಕೆ ನೋಡ್ತಿದ್ದೆ?”

ಬಾಗಿಲಲ್ಲಿ ನಿಂತ ಅಕ್ಕನನ್ನು ಆಗ ಇಬ್ಬರೂ ಕಂಡರು. ಟೈಲರಮ್ಮನಿಗೆ ಸಾಕ್ಷಿ ಸಿಕ್ಕಿದಂತಾಯಿತು. “ಬನ್ನಿ ಬನ್ನಿ, ನೀವೇ ಹೇಳಿ. ನೀವು ಇವಳಿಗಿಂತ ದೊಡ್ಡವರು, ಕೆಲಸ ಬಲ್ಲವರು. ಯಾವಳಾದ್ರೂ ಹನ್ನೊಂದು ಹನಿ ಹಾಕು ಅಂತಾಳಾ?”

ಮೂರು ತಿಂಗಳಿಂದ ಕಾದಿದ್ದ ಗಳಿಗೆ. ‘ಇಲ್ಲ’ ಎಂದರೆ ಸಾಕು. ಇನ್ನು ಎರಡೂ ಬೀದಿಯ ಮೆಷಿನ್ನುಗಳು ತನ್ನ ಅಂಗಡಿಗೇ ಬರುತ್ತವೆ. ಅಕ್ಕ ಬಾಯಿ ತೆರೆದಳು.

“ನಾನು ಹಾಗೆ ಬರ್ದೇ ಇಲ್ಲ,” ಎಂದು ತಂಗಿ ತನ್ನ ಪುಟ ತೆಗೆದು ಟೈಲರಮ್ಮನ ಮುಂದೆ ಹಿಡಿದಳು. “ಓದಿ ನೀವೇ.”

ಟೈಲರಮ್ಮ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: “‘ಒಂದೇ ಹನಿ. ಜಾಸ್ತಿಯಾದರೆ ಬಟ್ಟೆಗೆ ಇಳಿಯುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ನಮ್ಮಕ್ಕ. ಮಿಕ್ಕಿದ್ದಕ್ಕೆಲ್ಲ ಅಕ್ಕನ ಪುಟ ನೋಡಿ, ಅವಳ ಮುಂದೆ ನಾನು ಏನೂ ಅಲ್ಲ.’” ಅದರ ಕೆಳಗೆ ಅಕ್ಕನ ಪುಟಕ್ಕೆ ಹೋಗುವ ದಾರಿ, ನೀಲಿ ಅಕ್ಷರದಲ್ಲಿ.

ಅಕ್ಕ ಫೋನ್ ಕಸಿದು ತಾನೇ ಇನ್ನೊಮ್ಮೆ ಓದಿದಳು. ದಿನಾ ಬೆಳಿಗ್ಗೆ ಚೌಕ ನೋಡಿದವಳು, ಒಂದು ದಿನವೂ ಅದನ್ನು ದಾಟಿ ಕೆಳಗೆ ಹೋಗಿರಲಿಲ್ಲ. ಚೌಕ ಈ ದಾರಿ ಹಿಡಿದು ತನ್ನ ಪುಟಕ್ಕೆ ಬಂದು, ತನ್ನ ಸುಳ್ಳನ್ನು ಎತ್ತಿಕೊಂಡು, ತಂಗಿಯ ಹೆಸರಿನ ಮೇಲೆ ಕೂರಿಸಿತ್ತು.

“ಅದು ನಾನು ಬರೆದದ್ದು,” ಎಂದಳು.

“ಏನು?”

“ಹನ್ನೊಂದು. ನಾನೇ ಬರ್ದೆ. ಬೇಕು ಅಂತಲೇ. ಇವಳು ನನ್ನದನ್ನ ಕದಿಯೋದು ಹಿಡಿಯೋಣ ಅಂತ.”

ಟೈಲರಮ್ಮ ಇಬ್ಬರ ಮುಖವನ್ನೂ ನೋಡಿ ಸ್ಟೂಲಿನ ಮೇಲೆ ಕುಸಿದರು. “ನಿಮ್ಮಿಬ್ಬರ ಜಗಳಕ್ಕೆ ನನ್ನ ಹಂಸಗಳೇ ಸಿಕ್ವಾ?”

ತಂಗಿ ಡ್ರಾಯರ್ ತೆಗೆದು, ಪೌಡರ್ ಡಬ್ಬಿ ಅಕ್ಕನ ಮುಂದೆ ತಳ್ಳಿದಳು. “ನೀನೇ ಉಜ್ಜು. ಒಂದೂ ಕಲೆ ಬಿಡ್ಬೇಡ.”

ಅಕ್ಕ ಉಜ್ಜಿದಳು. ಕಲೆಯ ಮೇಲೆ ಪೌಡರ್ ಹಾಕುವುದು, ಎಣ್ಣೆ ಹೀರಿದ ಮೇಲೆ ಕೊಡವುವುದು, ಪಾತ್ರೆ ಸೋಪು ಹಚ್ಚಿ ಬಿಸಿನೀರಲ್ಲಿ ಹಿಂಡುವುದು. ಎಂಟು ಹಂಸಗಳು. ನಾಲ್ಕನೆಯ ಹಂಸದ ಹೊತ್ತಿಗೆ ತಂಗಿಯೂ ತೋಳು ಮಡಿಸಿ ಬಕೆಟ್ಟಿಗೆ ಕೈಹಾಕಿದಳು.

“ನನಗೆ ದಿನಕ್ಕೆ ಎಷ್ಟು ಜನ ಬರ್ತಾರೆ ಗೊತ್ತಾ ನಿಂಗೆ?” ಎಂದಳು, ಮುಖ ನೋಡದೆ. “ನಾಲ್ಕು. ಅದ್ರಲ್ಲಿ ಒಬ್ಳು ನಾನೇ. ಇನ್ನೊಬ್ರು ನಮ್ಮತ್ತೆ, ತಪ್ಪಿ ಒತ್ತಿರ್ತಾರೆ. ಉತ್ತರ ಮೇಲೇ ಸಿಕ್ಕಿದ ಮೇಲೆ ಒಳಗೆ ಯಾರು ಬರ್ತಾರೆ? ನಿಂಗೂ ಅಷ್ಟೇ ಅಲ್ವಾ?”

ಅಕ್ಕನಿಗೆ ಅಳು ಬರಬೇಕಿತ್ತು. ಅದರ ಬದಲು ಎದೆಯೊಳಗೆ ಎಲ್ಲೋ ಒಂದು ಕಳ್ಳ ಸಂತೋಷ ತಲೆ ಎತ್ತಿತು. ತಡೆಯಲಾಗಲಿಲ್ಲ.

“ನನಗೆ ಏಳು,” ಎಂದಳು.

ತಂಗಿ ಒದ್ದೆ ಹಂಸವನ್ನು ಅವಳ ಮುಖಕ್ಕೇ ಎಸೆದಳು.

ಬಟ್ಟೆ ಹಗ್ಗದ ಮೇಲೆ ಒಣಗುತ್ತಿರುವಾಗ ಅಕ್ಕ ಅಲ್ಲೇ ಕೂತು ತನ್ನ ಪುಟದಲ್ಲಿ ಹನ್ನೊಂದನ್ನು ಒಂದು ಮಾಡಿದಳು. ಟೈಲರಮ್ಮ ಫೋನನ್ನು ಮತ್ತೆ ಕೇಳಿದರು. ಅದು ಈಗಲೂ ಹನ್ನೊಂದೇ ಎಂದಿತು. ಆದರೆ ಕೇಳಿದಾಗಲೆಲ್ಲ ಸ್ವಲ್ಪ ಸ್ವಲ್ಪ ಬದಲಾಗುವ ಸ್ವಭಾವ ಅದಕ್ಕೆ. ಈ ಸಲ ಕೆಳಗೆ ಎರಡು ಹೆಸರು ಕೊಟ್ಟಿತ್ತು.

“ನಿನ್ನ ಹೆಸರೇ ಮೊದಲು ಬಂದಿದೆ ನೋಡಕ್ಕಾ,” ಎಂದಳು ತಂಗಿ. “ಹನ್ನೊಂದು ಹನಿ, ಅಕ್ಕನ ರಿಪೇರಿ.”

“ಇದನ್ನ ತೆಗ್ಸೋದು ಹೇಗೆ?”

“ಅದು ತಾನಾಗೇ ಮತ್ತೆ ಬಂದು ನಿನ್ನ ಪುಟ ನೋಡೋವರೆಗೆ ಕಾಯ್ಬೇಕು. ಫೋನ್ ಮಾಡಿ ಹೇಳೋಣ ಅಂದ್ರೆ ಆ ಕಡೆ ಯಾರಿದಾರೆ?”

ಅಕ್ಕ ಬಿಡಿಭಾಗದ ಪೆಟ್ಟಿಗೆಯ ಎರಡು ರಟ್ಟು ಹರಿದು, ದಪ್ಪ ಪೆನ್ನಿನಲ್ಲಿ ಬರೆದಳು: ‘ಷಟಲ್ ಗುಂಡಿಗೆ ಒಂದೇ ಹನಿ. ಫೋನಿನ ಮಾತು ಕೇಳಬೇಡಿ, ಒಳಗೆ ಬಂದು ಕೇಳಿ.’ ಎರಡೂ ಅಂಗಡಿಯ ಬಾಗಿಲಿಗೆ ಒಂದೊಂದು. ಕೆಳಗೆ ದೊಡ್ಡದಾಗಿ ‘ಅಕ್ಕ’, ಅದರ ಪಕ್ಕ ‘ತಂಗಿ’.

ತಂಗಿ ರಟ್ಟನ್ನು ದೂರ ಹಿಡಿದು ನೋಡಿದಳು. “ನನ್ನ ಹೆಸರು ಯಾಕೆ ಇಷ್ಟು ಸಣ್ಣಕ್ಕೆ?”

“ಜಾಗ ಸಾಲ್ಲಿಲ್ಲ,” ಎಂದಳು ಅಕ್ಕ.

ರಟ್ಟಿನ ಅರ್ಧ ಭಾಗ ಖಾಲಿಯೇ ಇತ್ತು.